ಅಮ್ಮನ ಬದಲು ಫೋನಿನಲ್ಲಿ

ಅಮ್ಮನ ಥೈರಾಯ್ಡ್ ಗಡ್ಡೆಯ ಆಪರೇಷನ್ ವಿಷಯ ಅಜ್ಜಿಗೆ ಹೇಳಬಾರದೆಂದು ತೀರ್ಮಾನಿಸಿದ್ದು ಅಮ್ಮನೇ. ಅಮ್ಮನ ಅಕ್ಕ, ನನ್ನ ದೊಡ್ಡಮ್ಮ, ತೀರಿಕೊಂಡದ್ದು ಒಂದು ಆಪರೇಷನ್ ಆದ ಮೇಲೆ. ಅಂದಿನಿಂದ ಅಜ್ಜಿಯ ಮುಂದೆ ಯಾರೂ ಆ ಪದ ಎತ್ತುತ್ತಿರಲಿಲ್ಲ.

ಅಜ್ಜಿ ಇರುವುದು ಗೌರಿಬಿದನೂರಿನ ಆಚೆ, ನನ್ನ ಸೋದರಮಾವನ ಮನೆಯಲ್ಲಿ. ಸೊಂಟದ ಮೂಳೆ ಮುರಿದ ಮೇಲೆ ಮಂಚ ಬಿಟ್ಟು ಎದ್ದಿಲ್ಲ. ಕಣ್ಣೂ ಅಷ್ಟಕ್ಕಷ್ಟೇ. ಶಿಡ್ಲಘಟ್ಟದ ನಮ್ಮ ಮನೆಗೆ ದಿನಾ ಸಂಜೆ ಮಾಡುವ ಫೋನಿನಲ್ಲೇ ಅವಳಿಗೆ ಮಗಳು ಸಿಗುತ್ತಿದ್ದದ್ದು. "ಗಂಟಲು ಕಟ್ಟಿದೆ ಅಂತ ನಾಲ್ಕು ದಿನ ತಳ್ಳಿದ್ರಾಯ್ತು. ವಾಸಿಯಾದ್ಮೇಲೆ ನಾನೇ ಹೇಳ್ತೀನಿ" ಅಂದಿದ್ದಳು ಅಮ್ಮ.

ಆಪರೇಷನ್ ಆಗಿ ನಾಲ್ಕು ದಿನ ಕಳೆದರೂ ಅಮ್ಮನಿಗೆ ಧ್ವನಿ ಬರಲಿಲ್ಲ. ಬಾಯಿ ತೆರೆದರೆ ಬರೀ ಉಸಿರು. ನೀರು ಕುಡಿದರೆ ನೆತ್ತಿಗೇರುತ್ತಿತ್ತು. ಬೆಂಗಳೂರಿನ ಡಾಕ್ಟರು ಮೂಗಿನೊಳಗಿಂದ ಸಣ್ಣ ಕ್ಯಾಮೆರಾ ಇಳಿಸಿ ಪರದೆಯ ಮೇಲೆ ತೋರಿಸಿದರು. ಎರಡು ಬಿಳಿ ಸ್ವರತಂತುಗಳು. "ಈ ಅನ್ನಿ" ಎಂದಾಗ ಬಲಗಡೆಯದು ನಡುವಿಗೆ ಬಂತು, ಎಡಗಡೆಯದು ಇದ್ದಲ್ಲೇ ಇತ್ತು. ನರಕ್ಕೆ ಪೆಟ್ಟಾಗಿದೆ, ತಾನಾಗಿ ಸರಿಹೋಗಬಹುದು, ಹೋಗದೆಯೂ ಇರಬಹುದು, ತಿಂಗಳುಗಟ್ಟಲೆ ಕಾದು ನೋಡಬೇಕು ಎಂದರು. ಅಲ್ಲಿಯವರೆಗೆ ಧ್ವನಿಯ ವ್ಯಾಯಾಮ, ಗದ್ದ ಎದೆಗೆ ತಂದುಕೊಂಡು ಗುಟುಕು ಗುಟುಕಾಗಿ ನೀರು.

"ಮದ್ವೆ ಆದಾಗಿಂದ ಇದೇ ಮೊದಲು ನೋಡು, ನನ್ ಮಾತು ಮುಗಿಯೋವರ್ಗೂ ಯಾರೂ ಅಡ್ಡ ಬಾಯಿ ಹಾಕ್ದೇ ಇರೋದು" ಅಂದರು ಅಪ್ಪ, ಅವರೆಕಾಯಿ ಸುಲಿಯುತ್ತಾ. ಅಮ್ಮ ಒಂದು ಹಿಡಿ ಸಿಪ್ಪೆ ತೆಗೆದು ಅವರ ಮೇಲೆ ಎಸೆದು ನಕ್ಕಳು. ಆ ನಗುವಿಗೂ ಸದ್ದಿರಲಿಲ್ಲ. ಅಪ್ಪ ಮತ್ತೆ ಆ ಥರ ತಮಾಷೆ ಮಾಡಲಿಲ್ಲ.

ನನ್ನದು ಅಮ್ಮನದೇ ಧ್ವನಿ. ಚಿಕ್ಕಂದಿನಿಂದಲೂ ನೆಂಟರು ಫೋನಿನಲ್ಲಿ ನಮ್ಮಿಬ್ಬರನ್ನು ಅದಲುಬದಲು ಮಾಡುತ್ತಿದ್ದರು. ಒಂದು ಸಂಜೆ ಫೋನ್ ಬಂದಾಗ ಅಮ್ಮ ಅದನ್ನು ನನ್ನ ಕೈಗೆ ಕೊಟ್ಟು, ತನ್ನ ಎದೆಯ ಮೇಲೆ ಬೆರಳಿಟ್ಟು ತೋರಿಸಿದಳು: ನಾನಾಗು.

"ಏಮೇ ಪಾಪಾ, ತಿನ್ನಾವಾ?" ಎಂದು ಊಟ ಕೇಳಿದಳು ಅಜ್ಜಿ. ಮಗಳ ಹತ್ತಿರ ಅವಳ ಮಾತು ಶುರುವಾಗುವುದು ತೆಲುಗಿನಲ್ಲೇ, ಆಮೇಲೆ ಕನ್ನಡಕ್ಕೆ ಹೊರಳುತ್ತದೆ.

"ತಿನ್ನಾನಮ್ಮಾ. ನಿಂದಾಯ್ತಾ?" ಅಂದೆ.

"ಗಂಟಲು ಬಿಡ್ತಲ್ಲ, ಸದ್ಯ."

ಹಾಗೆ ಶುರುವಾಯಿತು. ಅಮ್ಮ ಪಕ್ಕದಲ್ಲಿ ಕೂತು ನನ್ನ ಕಿವಿಯಲ್ಲಿ ಉಸುರುತ್ತಿದ್ದಳು, ನಾನು ಅದಕ್ಕೆ ಸದ್ದು ಕೊಡುತ್ತಿದ್ದೆ. ಎದುರಿಗೆ ಹೋದರೆ ಗೊತ್ತಾಗುತ್ತದೆಂದು ಅಮ್ಮ ಗೌರಿಬಿದನೂರಿಗೆ ಹೋಗಲಿಲ್ಲ. ತಾಲ್ಲೂಕು ಆಫೀಸಿನಲ್ಲಿ ರಜ ಕೊಡುತ್ತಿಲ್ಲ ಎಂದು ಅವಳಾಗಿ ನಾನೇ ಹೇಳಿದೆ. ಮಾವನಿಗೆ ಎಲ್ಲ ಗೊತ್ತಿತ್ತು, ಸುಮ್ಮನಿದ್ದ. ಎಷ್ಟೋ ತಿಂಗಳು ಹೀಗೇ ನಡೆಯಿತು. ಒಂದು ಇಂಜೆಕ್ಷನ್‌ನಿಂದ ನೀರು ನೆತ್ತಿಗೇರುವುದು ನಿಂತಿತೇ ಹೊರತು ಧ್ವನಿ ಪಿಸುಮಾತಿಗಿಂತ ಮೇಲೇಳಲಿಲ್ಲ. ಇನ್ನೊಂದು ಆಪರೇಷನ್ ಮಾಡಿ ಅಲುಗದ ಆ ಎಡಗಡೆಯ ತಂತುವನ್ನು ನಡುವಿಗೆ ಸರಿಸಿ ನಿಲ್ಲಿಸಬಹುದು ಎಂದರು ಡಾಕ್ಟರು. ಅಮ್ಮ ತಲೆಯಾಡಿಸಿ ಬೇಡವೆಂದಳು.

ಆಮೇಲೊಂದು ಸಂಜೆ ಅಜ್ಜಿ ಎಂದಿನಂತೆ ಊಟ ಕೇಳಲಿಲ್ಲ. "ಪಾಪಾ, ನಿಮ್ಮಕ್ಕ ಹೋದಾಗ ಒಂದ್ ಮಾತಂದ್ಬಿಟ್ಟೆ ಕಣೇ. ನೀನೇ ಅವಳನ್ನ ಆಸ್ಪತ್ರೆಗೆ ಸೇರ್ಸಿ ಸಾಯ್ಸಿದ್ದು ಅಂತ. ಅದನ್ನಿನ್ನೂ ಮನಸಲ್ಲಿಟ್ಕೊಂಡಿದೀಯಾ?"

ಅಂಥದ್ದೊಂದು ಮಾತು ಆಗಿತ್ತೆಂದು ನನಗೆ ಗೊತ್ತೇ ಇರಲಿಲ್ಲ. ಅಮ್ಮ ಫೋನ್ ಕಿತ್ತುಕೊಂಡಳು. ಕುತ್ತಿಗೆಯ ನರ ಉಬ್ಬಿತು, ತುಟಿ ಅಲುಗಿತು, ಉಸಿರು ಮಾತ್ರ ಹೊರಟಿತು.

"ಲೈನ್ ಹೋಯ್ತಾ? ಏನಾದ್ರೂ ಅನ್ನೇ" ಅನ್ನುತ್ತಿದ್ದಳು ಅಜ್ಜಿ.

ನಾನು ಫೋನ್ ತೆಗೆದುಕೊಂಡು "ಇಲ್ಲಮ್ಮಾ, ಇಟ್ಕೊಂಡಿಲ್ಲ" ಅಂದೆ. ಬೇರೇನು ಹೇಳಬಹುದಿತ್ತು? ಆದರೆ ಅಮ್ಮ ಹೇಳಹೊರಟದ್ದು ಅದೇ ಆಗಿತ್ತೇ ಎಂದು ನನಗೆ ಗೊತ್ತಿಲ್ಲ. ಕೇಳಿಯೂ ಇಲ್ಲ. ಮಾರನೆಯ ಬೆಳಿಗ್ಗೆ ಅವಳು ಅಪ್ಪನ ಎದುರು ನಿಂತು ಗಂಟಲು ತೋರಿಸಿ, ಬೆಂಗಳೂರಿನ ಕಡೆ ಕೈ ಮಾಡಿದಳು.

ಆ ಆಪರೇಷನ್ ಮಾಡುವಾಗ ರೋಗಿಗೆ ಎಚ್ಚರವಿರಬೇಕು. ಮಾತಾಡಿಸುತ್ತಲೇ ತಂತುವನ್ನು ಎಷ್ಟು ಸರಿಸಬೇಕೆಂದು ನೋಡುತ್ತಾರೆ. ಏನಾದರೂ ಹೇಳಿ ಎಂದರೆ ನಿಮ್ಮ ತಾಯಿ "ಅಮ್ಮಾ, ಊಟ ಆಯ್ತಾ" ಅಂತಲೇ ಹೇಳುತ್ತಿದ್ದರು ಎಂದರು ಡಾಕ್ಟರು. ಫಲಿತಾಂಶ ತುಂಬಾ ಚೆನ್ನಾಗಿದೆ ಎಂದರು. ಅದು ನಿಜ. ಅಮ್ಮ ಈಗ ಆಫೀಸಿನಲ್ಲಿ ಮಾತಾಡುತ್ತಾಳೆ, ಬಸ್ಸಿನಲ್ಲಿ ಟಿಕೆಟ್ ಕೇಳುತ್ತಾಳೆ. ಧ್ವನಿ ಮಾತ್ರ ಬೇರೆ: ತಗ್ಗಿನದು, ಒರಟು, ಮೇಲಕ್ಕೆ ಏರದು.

ಮೊದಲ ಫೋನ್ ಅಜ್ಜಿಗೇ ಮಾಡಿದಳು. "ಅಮ್ಮಾ, ನಾನು."

"ಯಾರಮ್ಮಾ ಅದು? ನನ್ ಮಗಳಿಗೆ ಕೊಡಮ್ಮಾ."

ಆ ಭಾನುವಾರವೇ ಹೋದೆವು. ಅಮ್ಮ ಮಂಚದ ಮೇಲೆ ಕೂತು ಎಲ್ಲವನ್ನೂ ಹೇಳಿದಳು. ಅಜ್ಜಿ ಅವಳ ಕುತ್ತಿಗೆಯ ಗಾಯದ ಗೆರೆಯನ್ನು ಬೆರಳಲ್ಲಿ ತಡವಿದಳು. ನನ್ನ ಕಡೆ ತಿರುಗಿ, "ಹಂಗಾದ್ರೆ ಇಷ್ಟು ದಿನ ನೀನೇನೇ, ಕಳ್ಳಿ?" ಅಂದು ನಗಲು ಹೋಗಿ ಅತ್ತಳು. ದೊಡ್ಡಮ್ಮನ ಮಾತನ್ನು ಇಬ್ಬರೂ ಎತ್ತಲಿಲ್ಲ. ಕೈ ಹಿಡಿದುಕೊಂಡೇ ಕೂತಿದ್ದರು.

ಎಲ್ಲ ಸರಿಹೋಯಿತು ಅಂದುಕೊಂಡೆ. ಮರುದಿನ ಸಂಜೆ ಫೋನ್ ಬಂತು. ಅಮ್ಮ ಸ್ಪೀಕರ್ ಹಾಕಿ, ಊಟ ಕೇಳಿದಳು, ಮಾತ್ರೆ ಕೇಳಿದಳು. ಅಜ್ಜಿ ಹೂಂ, ಹೂಂ ಅನ್ನುತ್ತಿದ್ದಳು.

"ಪಾಪಾ, ಬೇಜಾರ್ ಮಾಡ್ಕೋಬೇಡ ಕಣೇ" ಅಂದಳು ಕೊನೆಗೆ. "ಎದುರಿಗಿದ್ರೆ ಸರಿ, ಮುಟ್ತೀನಿ. ಫೋನಲ್ಲಿ ಯಾರೋ ಅನ್ಸುತ್ತೆ. ನೀನು ಪಕ್ಕದಲ್ಲೇ ಕೂತಿರು, ನಿನ್ ಮಗಳು ಮಾತಾಡ್ಲಿ. ಅವಳು ಮಾತಾಡಿದ್ರೆ ನೀನು ಮಾತಾಡ್ದಂಗಿರುತ್ತೆ."

ಅಮ್ಮ "ಆಯ್ತಮ್ಮಾ" ಅಂದು ಫೋನನ್ನು ನನಗೆ ಕೊಟ್ಟಳು. ನಾನು ಮಾತು ಶುರು ಮಾಡಿದೆ. ಅವಳು ಎದ್ದು ಹೋಗಲಿಲ್ಲ. ಅಜ್ಜಿ ಹೇಳಿದ ಹಾಗೆ ಪಕ್ಕದಲ್ಲೇ ಕೂತಿದ್ದಳು.