ಸೋಸಿದ ಬೀರು

ತೊಂಬತ್ತರ ದಶಕದ ಕೊನೆಯ ವರ್ಷಗಳಲ್ಲಿ ನಾನು ದಿನಾ ಬೆಳಿಗ್ಗೆ ಎಸ್.ಟಿ. ಬಸ್ಸಿಗೆ ಅಕ್ಕಲಕೋಟೆಯಿಂದ ಸೊಲ್ಲಾಪುರಕ್ಕೆ ಹೋಗಿ, ಸಂಜೆ ಸಿಕ್ಕ ಬಸ್ಸಿಗೆ ಮರಳುತ್ತಿದ್ದೆ. ಹೋಗುವಾಗಲೂ ಬರುವಾಗಲೂ ಬಿಸಿಲು ಬಲಗಡೆಗೇ ಬೀಳುತ್ತಿತ್ತು. ಆದ್ದರಿಂದ ಎಡಗಡೆಯ ಸೀಟು ಹಿಡಿಯುವುದೇ ದಿನದ ಮೊದಲ ಕೆಲಸ. ಅಷ್ಟರಲ್ಲೇ ಅರ್ಧ ದಣಿವು ಬಂದುಬಿಡುತ್ತಿತ್ತು.

ನೌಕರಿ ಒಂದು ಸಣ್ಣ ಬೀರು ಕಂಪನಿಯದು. ಪರ್ಮಿಟ್ ರೂಮುಗಳನ್ನು, ಅಂದರೆ ನಮ್ಮ ಕಡೆ ಜನ ಕೂತು ಕುಡಿಯುವ ಜಾಗಗಳನ್ನು, ಸುತ್ತಿ ಬೇಡಿಕೆ ಬರೆದುಕೊಂಡು ಬರುವುದು. ನಾನು ಕುಡಿಯುವವನಲ್ಲ. ಆದರೂ ಅಂಗಿಗೆ ವಾಸನೆ ಇರುತ್ತಿತ್ತು. ಅಕ್ಕಲಕೋಟೆಯ ಕನ್ನಡ ಸಾಲೆಯಲ್ಲಿ ಶಿಕ್ಷಕಿಯಾಗಿದ್ದ ನನ್ನ ಹೆಂಡತಿ ಆ ಅಂಗಿಗಳನ್ನು ಬೇರೆ ಬಕೆಟ್ಟಿನಲ್ಲಿ ನೆನೆಹಾಕುತ್ತಿದ್ದಳು.

ಒಂದು ಬೇಸಿಗೆ ಪುಣೆಯಿಂದ ನಮ್ಮ ಸಾಹೇಬರು ಬಂದರು. ಕಂಪನಿ ಬೆಲ್ಜಿಯಂ ಪದ್ಧತಿಯ ಹೊಸ ಬೀರು ತೆಗೆದಿದೆ, ಊರಿನ ನಾಲ್ಕು ಜನರನ್ನು ಕರೆದು ರುಚಿ ತೋರಿಸಬೇಕು ಎಂದರು. ಹಿಡಿಸಿದರೆ ಸೊಲ್ಲಾಪುರದ ಕೆಲಸ ಉಳಿಯುತ್ತದೆ, ಇಲ್ಲದಿದ್ದರೆ ನೀವು ನಾಗಪುರಕ್ಕೆ ಹೋಗಬೇಕಾಗುತ್ತದೆ ಎಂದೂ ಮೆಲ್ಲಗೆ ಹೇಳಿದರು. ಹೆಂಡತಿಯ ಕನ್ನಡ ಸಾಲೆ ನಾಗಪುರದಲ್ಲಿಲ್ಲ. ಅಲ್ಲಿಗೆ ಹೋದರೆ ನಾನೊಬ್ಬನೇ ಹೋಗಬೇಕು. ಸಂಜೆಯ ಬಸ್ಸೂ ಇಲ್ಲ, ಮನೆಯೂ ಇಲ್ಲ.

ಆ ಬೀರು ಗೋಧಿಯದು. ಅದರಲ್ಲಿ ಕಿತ್ತಳೆಯ ಸಿಪ್ಪೆ ಮತ್ತು ಹವೀಜ, ಅಂದರೆ ಕೊತ್ತಂಬರಿ ಬೀಜ. ಬಾಟಲಿಯ ತಳದಲ್ಲಿ ಬಿಳಿಯ ಗಸಿ. ಅದು ಕೆಟ್ಟದ್ದಲ್ಲ, ಅದೇ ಅದರ ಗುಣ, ಬಾಟಲಿ ಮೆಲ್ಲಗೆ ಉರುಳಿಸಿ ಗಸಿಯ ಸಮೇತ ಸುರಿಯಬೇಕು ಎಂದು ಇಂಗ್ಲಿಷ್ ಹಾಳೆಯಲ್ಲಿ ಬರೆದಿತ್ತು. ರುಚಿ ತೋರಿಸಲು ಗೊತ್ತುಮಾಡಿದ ಸೊಲ್ಲಾಪುರದ ಪರ್ಮಿಟ್ ರೂಮಿನಲ್ಲಿ ಬಹಳ ವರ್ಷಗಳಿಂದ ಬಡಿಸುತ್ತಿದ್ದ ಕಾಕಾನಿಗೆ ನಾನು ಅವಸರದಲ್ಲಿ ಹೇಳಿದ್ದು ಇಷ್ಟೇ: “ಕಾಕಾ, ಇದು ಸೋಸಿಲ್ಲ ನೋಡ್ರಿ.”

“ಹೂಂರಿ ಸಾಹೇಬ್ರ, ನಾ ನೋಡ್ಕೋತೀನಿ” ಎಂದ.

ರುಚಿ ನೋಡುವ ದಿನ ಪುಣೆಯಿಂದ ಸಾಹೇಬರ ಗಾಡಿ ತಡವಾಯಿತು. ಕರೆದವರು ಬಂದು ಕೂತಿದ್ದರು, ಕಡಕ್ ರೊಟ್ಟಿ, ಶೇಂಗಾ ಚಟ್ನಿ ಶುರುವಾಗಿತ್ತು. ಅವರಲ್ಲೊಬ್ಬರು ವಕೀಲರು.

“ಹವೀಜ ಹಾಕ್ಯಾರಂತಲ್ರಿ ಇದಕ್ಕ? ಬೀರ್ ಮಾಡ್ಯಾರೋ, ಬ್ಯಾಳಿ ಸಾರು ಮಾಡ್ಯಾರೋ?”

ಎಲ್ಲರೂ ನಕ್ಕರು. ನಾನೂ ನಕ್ಕೆ, ಬೆವರೊರೆಸಿಕೊಂಡೆ. ಕಾಕಾ ಗ್ಲಾಸು ತಂದಿಟ್ಟ. ಬೀರು ತಿಳಿಯಾಗಿತ್ತು, ನೊರೆ ಇರಲಿಲ್ಲ. ಅದು ಹಾಗಿರಬಾರದೆಂದು ಹೊಳೆಯುವಷ್ಟರಲ್ಲಿ ವಕೀಲರು ಅರ್ಧ ಮುಗಿಸಿದ್ದರು.

“ಛಲೋ ಅದರಿ! ಹಗೂರ ಅದ. ಬ್ಯಾರೆ ಬೀರಿನಂಗ ಹೊಟ್ಟಿ ಉಬ್ಬಸಂಗಿಲ್ಲ.”

ಕೊಟ್ಟ ಹಾಳೆಗಳ ಮೇಲೆ ಎಲ್ಲರೂ ಚಲೋ ಎಂದೇ ಬರೆದರು. ನಾನು ಹಿಂದೆ ಗ್ಲಾಸು ತೊಳೆಯುವ ಮೋರಿಗೆ ಹೋದೆ. ನಲ್ಲಿಯ ಮೇಲೆ ಒಂದು ಒದ್ದೆ ಅರಿವೆ ನೇತಾಡುತ್ತಿತ್ತು, ಅದರ ತುಂಬ ಬಿಳಿಯ ಗಸಿ.

“ಕಾಕಾ, ಏನು ಮಾಡಿದ್ರಿ?”

“ನೀವಽ ಅಂದ್ರಲ್ರಿ, ಸೋಸಿಲ್ಲ ಅಂತ? ಸೋಸಿದೆ. ಎರಡ ಸಲ ಸೋಸಿನಿ. ಮಂದಿ ಮುಂದ ನಿಮ್ಮ ಮಾನ ಹೋಗಬಾರದಲ್ಲ.”

ಗ್ಲಾಸುಗಳು ಬರಿದಾದ ಮೇಲೆ ಸಾಹೇಬರು ಬಂದರು. ಹಾಳೆ ಓದಿ ನನ್ನ ಬೆನ್ನು ತಟ್ಟಿದರು. ಹೇಳಬೇಕಾದ ಮಾತು ನಾಲಿಗೆಯ ತುದಿಯಲ್ಲಿತ್ತು. ಆರು ಗಂಟೆಯ ಬಸ್ಸು ನೆನಪಾಯಿತು. ಹೇಳಲಿಲ್ಲ.

ಅದರ ಫಲ ಎರಡು ಬೇಸಿಗೆ ಉಂಡೆ. ಪೆಟ್ಟಿಗೆಗಳು ಬಂದವು, ದುಧನಿಯಿಂದ, ಅಕ್ಕಲಕೋಟೆಯಿಂದ ದೂರುಗಳೂ ಬಂದವು, “ಬಾಟ್ಲಿಯೊಳಗ ರಾಡಿ ಅದ” ಎಂದು. ಬಿಸಿಲಿನಲ್ಲಿ ಒಂದೊಂದೇ ಅಂಗಡಿಗೆ ಹೋಗಿ ಸೋಸಿ ಕೊಡಿರೆಂದು ನಾನೇ ಕಲಿಸಿದೆ. ಅಪ್ಪನ ಹಳೆಯ ಧೋತರ ಹರಿದು, ಚೌಕ ಚೌಕ ಮಡಚಿ, ಚೀಲದಲ್ಲಿಟ್ಟುಕೊಂಡು ಹಂಚಿದೆ. ಬೀರಿನ ಜೀವವೇ ಗಸಿಯಲ್ಲಿದೆ ಎಂದು ಬರೆದ ಹಾಳೆಯೂ ಅದೇ ಚೀಲದಲ್ಲಿತ್ತು.

ಹೆಂಡತಿಗೆ ಎಲ್ಲ ಗೊತ್ತಿತ್ತು. ಮರಾಠಿಯಲ್ಲಿ ಸೋಸುವುದು ಅಂದರೆ ತಾಳಿಕೊಳ್ಳುವುದು, ಕಷ್ಟ ಸಹಿಸುವುದು. ಎರಡೂ ಭಾಷೆ ಆಡುವ ನಮ್ಮ ಮನೆಯಲ್ಲಿ ಅದು ಅವಳ ಕೈಗೆ ಸಿಕ್ಕ ಕೋಲು. ಧೋತರ ಹರಿಯುವಾಗ ಅಂದಳು, “ನೀವು ಕನ್ನಡದಾಗ ಸೋಸ್ರಿ, ನಾ ಮರಾಠಿಯೊಳಗ ಸೋಸ್ತೀನಿ.”

ಮೂರನೆಯ ಬೇಸಿಗೆ ಕಂಪನಿ ಅದೇ ಪದ್ಧತಿಯ ಇನ್ನೊಂದು, ಕಂದು ಬಣ್ಣದ ಬೀರು ತೆಗೆಯಿತು. ಈ ಸಲ ಸಾಹೇಬರು ಅಕ್ಕಲಕೋಟೆಗೇ ಬಂದರು, ಹೊತ್ತಿಗೆ ಮೊದಲೇ. ನಾನು ತಡೆಯುವಷ್ಟರಲ್ಲಿ ಪರ್ಮಿಟ್ ರೂಮಿನ ಮಾಲಕ ಅವರ ಎದುರಿಗೇ ಜಗ್ಗಿನ ಬಾಯಿಗೆ ಧೋತರದ ಚೌಕ ಕಟ್ಟಿದ. ಸಾಹೇಬರಿಗೆ ಕನ್ನಡ ಬರದೆಂದು ತನ್ನ ಮರಾಠಿಯಲ್ಲಿ ಅಭಿಮಾನದಿಂದ ಹೇಳಿದ: “ಸಾಹೇಬ, ಹೀ ಬಿಯರ್ ಸೋಸಾವೀ ಲಾಗತೆ.”

ಸೋಸಬೇಕಾಗುತ್ತದೆ ಎಂದು ಅವನ ಲೆಕ್ಕ. ಸಾಹೇಬರ ಕಿವಿಗೆ ಬಿದ್ದದ್ದು, ಈ ಬೀರನ್ನು ಸಹಿಸಿಕೊಳ್ಳಬೇಕಾಗುತ್ತದೆ ಎಂದು. ಅವರು ಗಟ್ಟಿಯಾಗಿ ನಕ್ಕರು. ನಗುತ್ತಲೇ ಅರಿವೆ ನೋಡಿದರು, ಅದರ ಮೇಲೆ ಉಳಿಯುತ್ತಿದ್ದ ಗಸಿ ನೋಡಿದರು. ನಗು ನಿಂತಿತು.

“ಯಾರು ಕಲಿಸಿದ್ದು?” ಎಂದು ಮರಾಠಿಯಲ್ಲಿ ಕೇಳಿದರು.

ಮಾಲಕ ನನ್ನತ್ತ ಕೈ ತೋರಿಸಿದ. ಬೈದು ಅಲ್ಲ, ಮೆಚ್ಚಿಯೇ.

“ಸೊಲ್ಲಾಪುರದಲ್ಲಿ, ಮೊದಲ ದಿನ?”

“ಹೌದು, ಅಂದೂ ಸೋಸಿದ್ದೇ” ಎಂದೆ. ಎರಡು ವರ್ಷ ಹೊತ್ತದ್ದು ಇಳಿಯಿತು ಅನ್ನಿಸಬೇಕಿತ್ತು, ಅನ್ನಿಸಲಿಲ್ಲ. ಕೂರಬೇಕೆನ್ನಿಸಿತು, ಅಷ್ಟೇ. ಸಾಹೇಬರು ಬೈಯಲಿಲ್ಲ. ಉಳಿದ ಬಾಟಲಿಯನ್ನು ತಾವೇ ಉರುಳಿಸಿ, ಗಸಿಯ ಸಮೇತ ಸುರಿದು, ಒಬ್ಬರೇ ಕುಡಿದು ಎದ್ದರು.

ನಾಗಪುರದ ಪತ್ರ ಹದಿನೈದು ದಿನಕ್ಕೆ ಬಂತು. ಓದಿ ಹೇಳಿದಾಗ ಹೆಂಡತಿ ಚಹಾ ಸೋಸುತ್ತಿದ್ದಳು. ಕೈ ನಿಲ್ಲಲಿಲ್ಲ. ಎರಡು ಕಪ್ಪು ತುಂಬಿ, ಜಾಲರಿ ಜಾಡಿಸಿ, ಆಮೇಲೆ ಅಂದಳು, “ಅಲ್ಲಿ ಕನ್ನಡದ ಸೋಸೂದು ನಡ್ಯಂಗಿಲ್ರಿ. ಇನ್ನ ನೀವೂ ಮರಾಠಿದು ಕಲೀರಿ.”

ನಾಗಪುರದ ಗಾಡಿಯಲ್ಲಿ ಬಿಸಿಲು ಯಾವ ಕಡೆ ಬೀಳುತ್ತದೆಂದು ನನಗೆ ಗೊತ್ತಿರಲಿಲ್ಲ. ಸಿಕ್ಕ ಕಡೆ ಕೂತೆ.