ಕೊನೆಗೇನಾಯ್ತು ಮೇಸ್ತ್ರಿ

ಬಸ್ ಡಿಪೋದ ಮೇಸ್ತ್ರಿಗೆ ‘ಕೊನೆಗೇನಾಯ್ತು’ ಅಂತಲೇ ಅಡ್ಡಹೆಸರು. ಯಾವ ಡ್ರೈವರ್ ಏನು ಎಡವಟ್ಟು ಮಾಡಿಕೊಂಡು ಬಂದರೂ, ಎಣ್ಣೆ ಮೆತ್ತಿದ ಬಟ್ಟೆಯಲ್ಲಿ ಕನ್ನಡಕ ಒರೆಸಿ ಇನ್ನಷ್ಟು ಮಬ್ಬು ಮಾಡಿಕೊಂಡು, “ಕಥೆ ಬೇಡಪ್ಪ, ಕೊನೆಗೇನಾಯ್ತು ಹೇಳು” ಅನ್ನುತ್ತಾನೆ. ತೂಕಡಿಸುತ್ತಲೇ ಓಡಿಸಿ ಕ್ಷೇಮವಾಗಿ ಬಂದವನು ಅವನ ಪಾಲಿಗೆ ಸಾಚಾ. ಅಡ್ಡ ಬಂದ ನಾಯಿಯನ್ನು ಉಳಿಸಲು ಬ್ರೇಕ್ ಒತ್ತಿ, ಒಳಗಿದ್ದ ಅಜ್ಜಿಯ ಹಲ್ಲು ಉದುರಿಸಿದವನು ಪಾಪಿ. ಮಗಳು ಒಲೆ ಆರಿಸದೆ ಹೊರಗೆ ಹೋದರೂ, ಮನೆ ಸುಡಲಿಲ್ಲವಲ್ಲ ಎಂದು ಸುಮ್ಮನಾಗುತ್ತಾನೆ. ಅವನ ಜೊತೆ ವಾದಕ್ಕಿಳಿದವರೆಲ್ಲ ಗೋಡೆಗೆ ತಲೆ ಚಚ್ಚಿಕೊಂಡವರೇ. ಆದರೆ ಒಂದು ಬಸ್ಸಿನ ಮಾತನ್ನು ಮಾತ್ರ ಡಿಪೋದಲ್ಲಿ ಯಾರೂ ಎತ್ತುವುದಿಲ್ಲ. ಬ್ರೇಕ್ ಸರಿಯಾಗಿ ಹಿಡಿಯುತ್ತಿಲ್ಲ ಎಂದು ಒಂದು ಬೆಳಿಗ್ಗೆ ಅವನೇ ಅದನ್ನು ತಡೆದು, ಹತ್ತಿ ಕೂತವರನ್ನೆಲ್ಲ ಇಳಿಸಿದ್ದ. ಇಳಿದವರಲ್ಲಿ ಅವನ ಹೆಂಡತಿಯೂ ಇದ್ದಳು. ಹಿಂದೆ ಬಂದ ವ್ಯಾನು ಹತ್ತಿದಳು. ಆ ವ್ಯಾನು ಸೇತುವೆ ದಾಟಲಿಲ್ಲ. “ಬ್ರೇಕ್ ನಿಜವಾಗಲೂ ಹೋಗಿತ್ತಲ್ಲ, ನಿಮ್ಮ ತಪ್ಪೇನಿದೆ ಭಾವ?” ಎಂದು ಅವಳ ತಮ್ಮ ಮನೆಗೆ ಬಂದಾಗಲೆಲ್ಲ ಸಮಾಧಾನ ಹೇಳುತ್ತಾನೆ. ಮೇಸ್ತ್ರಿ ಕನ್ನಡಕ ತೆಗೆದು ಬಹಳ ಹೊತ್ತು ಒರೆಸುತ್ತಾನೆ. “ಅದೆಲ್ಲ ಬಿಡು,” ಅನ್ನುತ್ತಾನೆ, “ಕೊನೆಗೇನಾಯ್ತು?”