ಎಳನೀರು ತರುವವರಿಗೆ

ರೋಗಿಯನ್ನು ನೋಡಲು ಬರುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಹುನಗುಂದದ ನಮ್ಮ ಮನೆಗೆ ಬಂದವರೆಲ್ಲ ಡಾಕ್ಟರೇ. ನನ್ನ ಗಂಡನ ಎರಡೂ ಮೂತ್ರಪಿಂಡಗಳು ಕೈಕೊಟ್ಟಿವೆ. ವಾರಕ್ಕೆರಡು ಸಲ ಬಸ್ಸಿನಲ್ಲಿ ಬಾಗಲಕೋಟೆಗೆ ಕರೆದೊಯ್ದು ಡಯಾಲಿಸಿಸ್ ಮಾಡಿಸುತ್ತೇನೆ. ರಕ್ತದ ಹೊಲಸನ್ನು ಅಲ್ಲಿ ಮಷೀನು ತೆಗೆಯುತ್ತದೆ. ಮೂತ್ರ ನಿಂತೇ ಹೋಗಿದೆ. ಹಾಗಾದರೆ ಕುಡಿದ ನೀರು ಎಲ್ಲಿಗೆ ಹೋಗಬೇಕು? ಕಾಲಿಗೆ ಇಳಿಯುತ್ತದೆ, ಮುಖಕ್ಕೆ ಏರುತ್ತದೆ, ಕೊನೆಗೆ ಎದೆಯಲ್ಲಿ ತುಂಬಿ ಉಸಿರು ಕಟ್ಟಿಸುತ್ತದೆ. ಅದಕ್ಕೇ ಅವರ ದಿನದ ನೀರನ್ನು ಬೆಳಿಗ್ಗೆಯೇ ಒಂದು ಸಣ್ಣ ಬಾಟಲಿಗೆ ತುಂಬಿಡುತ್ತೇನೆ. ಅದು ಮುಗಿದರೆ ಮುಗಿಯಿತು. ಬೇಸಿಗೆಯ ಮಧ್ಯಾಹ್ನ ಖಾಲಿ ಬಾಟಲಿ ಹಿಡಿದು ಅವರು ನನ್ನನ್ನು ವೈರಿಯಂತೆ ನೋಡುತ್ತಾರೆ. ನೋಡಲಿ.

ಬೇವೂರಿನಿಂದ ಬಂದ ಅವರ ಅಕ್ಕ ಇದನ್ನೆಲ್ಲ ಕಂಡು ಸೆರಗು ಸೊಂಟಕ್ಕೆ ಸಿಗಿಸಿಯೇಬಿಟ್ಟರು.

"ಹಾದ್ಯಾಗ ಹೋಗೋರಿಗೂ ಒಂದು ತಂಬಗಿ ನೀರು ಕೊಡತೇವಿ. ನೀ ತಾಳಿ ಕಟ್ಟಿದವಗ ಕೊಡವಲ್ಲಿ. ಎಂಥಾ ಹೆಣಮಗಳವಾ ನೀ?"

"ಕೊಟ್ರ ಸಾಯ್ತಾರ್ರಿ ಅಕ್ಕಾರ," ಎಂದೆ.

"ನೀರು ಕುಡದು ಸತ್ತವರನ್ನ ನಾ ನೋಡಿಲ್ಲ ಬಿಡು."

ಕೋಣನ ಮುಂದೆ ಕಿನ್ನರಿ ಬಾರಿಸಿ ಏನು ಪ್ರಯೋಜನ? ನಾನು ಒಳಗೆ ಹೋದೆ.

ಮರುದಿನ ನಾನು ಔಷಧಿ ಅಂಗಡಿಯಿಂದ ಬರುವಷ್ಟರಲ್ಲಿ ಕಟ್ಟೆಯ ಮೇಲೆ ಎಳನೀರಿನ ಎರಡು ಬುರುಡೆ ಬಿದ್ದಿದ್ದವು. ಗಂಡ ತುಟಿ ಒರೆಸಿಕೊಳ್ಳುತ್ತಿದ್ದರು. "ಎಳನೀರು ಒಳಗ ಹೋದ್ರ ಮೂತ್ರ ತಾನ ಬರತೈತಿ," ಎಂದರು ಅಕ್ಕ, ಏನೋ ದೊಡ್ಡ ಉಪಕಾರ ಮಾಡಿದವರ ಹಾಗೆ. ಸಂಜೆಗೆ ಗಂಡನ ಕೈಕಾಲುಗಳಲ್ಲಿ ಬಲವಿರಲಿಲ್ಲ. ಎದೆ ಒಂದು ಸಲ ಹೊಡೆದುಕೊಂಡರೆ ಇನ್ನೊಂದು ಸಲ ತಡವರಿಸುತ್ತಿತ್ತು. ಆಂಬುಲೆನ್ಸಿನಲ್ಲಿ ಬಾಗಲಕೋಟೆಗೆ ಓಡಿದೆವು.

ಅಲ್ಲಿ ಡಾಕ್ಟರು ನನ್ನ ಮೇಲೆಯೇ ಹರಿಹಾಯ್ದರು. "ಎಳನೀರಿನ ಪೊಟ್ಯಾಸಿಯಂ ಮೂತ್ರದಾಗ ಹೊರಗ ಹೋಗಬೇಕ್ರಿ. ಮೂತ್ರನ ಇಲ್ಲಂದ್ರ ಅದು ರಕ್ತದಾಗ ಉಳದು ಹೃದಯ ನಿಲ್ಲಸ್ತದ. ಮನ್ಯಾಗ ಇದ್ದು ಏನ್ ಮಾಡ್ತಿದ್ರಿ ನೀವು?"

ಅಕ್ಕ ಬಾಯಿಗೆ ಸೆರಗು ಹಿಡಿದು ಮೂಲೆಯಲ್ಲಿ ಅಳುತ್ತಿದ್ದರು. 'ಎಳನೀರು ತಂದವಳು ನಾನು' ಎಂಬ ಮಾತು ಆ ಬಾಯಿಂದ ಬರಲಿಲ್ಲ. ಅವರನ್ನು ಸಮಾಧಾನ ಮಾಡುವ ಮನಸ್ಸು ನನಗೆ ಅಂದೂ ಬರಲಿಲ್ಲ, ಇವತ್ತಿಗೂ ಬಂದಿಲ್ಲ.

ತುರ್ತಾಗಿ ಡಯಾಲಿಸಿಸ್ ಮಾಡಿ ಮಷೀನಿನಿಂದ ಬಿಡಿಸಿದ ಮೇಲೆ ಗಂಡ ಕಣ್ಣು ತೆರೆದರು.

"ಅಕ್ಕಗ ಬೈಬ್ಯಾಡ. ನಾನ ಬೇಡಿ ತರಿಸೇನಿ."

"ನನ್ನ ಯಾಕ ಕೇಳಲಿಲ್ಲ?"

"ನೀ ಕೊಡತಿದ್ದೇನು?"

"ಇಲ್ಲ."

"ಅದಕ್ಕ ಕೇಳಲಿಲ್ಲ. ನಿನ್ನ ಮಾರಿ ನೋಡಿದ್ರ ನನಗ ನೀರಡಿಕಿ ಇನ್ನೂ ಹೆಚ್ಚಾಗತೈತಿ," ಎಂದು ಗೋಡೆಯ ಕಡೆ ತಿರುಗಿಕೊಂಡರು.

ಆಗಲಿ. ನನ್ನನ್ನು ಬೈಯಲಿಕ್ಕಾದರೂ ಅವರು ಬದುಕಿರಬೇಕು.